ಪಾಚಿಗೆ ಅನ್ನವಿಕ್ಕುವವರು ಯಾರು?

ಬೇಸಿಗೆಯ ರಜೆ ಕಳೆದು ನಮ್ಮ ಬಂಧುಗಳು ಊರಿನಿಂದ ಮುಂಬಯಿಗೂ ಪುಣೆಗೂ ಹಿಂದಿರುಗುವ ದಿನಗಳಲ್ಲಿ ಈ ಕಚೇರಿಗೆ ಬರುವ ಪತ್ರಗಳ ಸ್ವರೂಪವೇ ಬೇರೆ. ಖೋಲಿಯ ಬಾಡಿಗೆ, ದುಡಿಮೆಯ ಕಷ್ಟ, ಮಕ್ಕಳ ಶಾಲೆ ಮೊದಲಾದ ವಿಷಯಗಳು ಹಿಂದೆ ಸರಿದು, ಊರಿನ ಮನೆ, ಬಾವಿ, ತೋಟ, ಹಿತ್ತಿಲುಗಳು ಮುಂದೆ ಬರುತ್ತವೆ. ಈ ಸಲ ಬಂದ ಪತ್ರಗಳಲ್ಲೊಂದು ನಮ್ಮನ್ನು ವಿಶೇಷವಾಗಿ ಯೋಚನೆಗೆ ಹಚ್ಚಿತು.

ಬರೆದವರು ಪುಣೆಯಲ್ಲಿ ಗುಮಾಸ್ತರು. ಮೂರು ವರ್ಷಗಳ ಉಳಿತಾಯದಿಂದ ಊರ ಮನೆಯ ಹಿತ್ತಿಲಲ್ಲಿ 12 ಅಡಿ ಉದ್ದ, 8 ಅಡಿ ಅಗಲದ ಪುಟ್ಟ ಕೊಳವೊಂದನ್ನು ತೋಡಿಸಿದರಂತೆ. ವೃದ್ಧ ತಾಯಿಯವರು ಸಂಜೆಯ ಹೊತ್ತು ಅದರ ದಂಡೆಯಲ್ಲಿ ಕುಳಿತು ನೈದಿಲೆಯ ಹೂವನ್ನೂ ಮೀನುಗಳ ಆಟವನ್ನೂ ನೋಡಲಿ ಎಂಬುದು ಅವರ ಆಸೆ. ಒಂದೇ ಬೇಸಿಗೆಯಲ್ಲಿ ನೀರು ಹಸುರು ಗಂಜಿಯಂತಾಯಿತು. ಅಣ್ಣನವರು ಅಡಕೆಗೆ ಸಿಂಪಡಿಸಲೆಂದು ತಂದಿರಿಸಿದ್ದ ಮೈಲುತುತ್ತದಲ್ಲಿ ಒಂದು ಹಿಡಿಯನ್ನು ಕದಡಿ ಸುರಿದರು. ಮೂರನೆಯ ದಿನ ಮೀನುಗಳೆಲ್ಲವೂ ಹೊಟ್ಟೆ ಮೇಲಾಗಿ ತೇಲಿದವು. ತಿಂಗಳು ತುಂಬುವುದರೊಳಗೆ ಪಾಚಿ ಮಾತ್ರ ಮರಳಿ ಬಂದಿತು. ಈಗ ಕೊಳಕ್ಕೆ ಮಣ್ಣು ತುಂಬಿ ಮುಚ್ಚಿಬಿಡೋಣವೆಂದು ಮನೆಯವರ ಮಾತು. ಪಾಚಿಯನ್ನು ಕೊಲ್ಲುವ ಸರಿಯಾದ ಔಷಧ ಯಾವುದೆಂದು ತಿಳಿಸಬೇಕೆಂಬುದು ವಾಚಕರ ಕೋರಿಕೆ.

ಔಷಧವಿಲ್ಲವೆಂಬುದೇ ನಮ್ಮ ಉತ್ತರ. ಇದು ನಿರಾಶೆಯ ಮಾತಲ್ಲ. ಪಾಚಿಯನ್ನು ಕೊಲ್ಲುವುದು ಹೇಗೆಂಬ ಪ್ರಶ್ನೆಯೇ ತಪ್ಪು. ಪಾಚಿಗೆ ಅನ್ನವಿಕ್ಕುತ್ತಿರುವವರು ಯಾರೆಂದು ಕೇಳತಕ್ಕದ್ದು. ಆ ಪ್ರಶ್ನೆಗೆ ಉತ್ತರ ದೊರೆತರೆ ಕೊಳವೂ ಉಳಿದೀತು, ಮೂರು ವರ್ಷದ ಉಳಿತಾಯವೂ ಮಣ್ಣುಪಾಲಾಗದು.

ಈ ಮಾತನ್ನು ನಾವು ಪುಸ್ತಕ ನೋಡಿ ಹೇಳುತ್ತಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಊರು ಬಿಟ್ಟ ನಾವು, ಈ ಕುರ್ಚಿಗೆ ಬರುವ ಮುನ್ನ ಬಹಳ ಕಾಲ ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ಹೋಟೆಲಿನ ಹಿಂಬದಿಯಲ್ಲಿ ಸಿಮೆಂಟಿನ ತೊಟ್ಟಿಯೊಂದನ್ನು ಕಟ್ಟಿಸಿ, ಸಗಣಿ ಗೊಬ್ಬರ ತುಂಬಿದ ಕುಂಡದಲ್ಲಿ ನೈದಿಲೆಯ ಗಡ್ಡೆ ನೆಟ್ಟು, ಹತ್ತಾರು ಕೆಂಪು ಮೀನುಗಳನ್ನು ಬಿಟ್ಟಿದ್ದೆವು. ಬಂದವರಿಗೆ ಬಡಿಸದೆ ಕಳುಹಿಸುವುದು ಹೋಟೆಲಿನವರ ಜಾಯಮಾನವಲ್ಲ. ನಾವೂ ನಮ್ಮ ಮಾಣಿಗಳೂ ಮುಂಜಾನೆ, ಮಧ್ಯಾಹ್ನ, ರಾತ್ರಿ ಉಳಿದ ಇಡ್ಲಿಯನ್ನು ಪುಡಿಮಾಡಿ ಮೀನುಗಳಿಗೆ ಹಾಕುತ್ತಿದ್ದೆವು. ನೀರು ಹಸುರಾಯಿತು. ಬ್ಲೀಚಿಂಗ್ ಪುಡಿ ಹಾಕಿದೆವು, ಮೀನುಗಳು ಸತ್ತವು. ತೊಟ್ಟಿಯನ್ನು ಬರಿದು ಮಾಡಿ ತೆಂಗಿನ ನಾರಿನಿಂದ ತಿಕ್ಕಿ ತೊಳೆಸಿದೆವು. ಹೊಸ ನೀರು ಹದಿನೈದೇ ದಿನಗಳಲ್ಲಿ ಮತ್ತೆ ಹಸುರಾಯಿತು.

ಕೊನೆಗೊಂದು ದಿನ ನೆರೆಯ ಬಂಗಲೆಯ ವೃದ್ಧ ಮಾಲಿಯನ್ನು ಕರೆಸಿ ತೋರಿಸಿದೆವು. ಆತನು ನೀರನ್ನು ನೋಡಲಿಲ್ಲ; ದಿನಕ್ಕೆ ಎಷ್ಟು ಇಡ್ಲಿ ಹಾಕುತ್ತೀರೆಂದು ಕೇಳಿದನು. ಲೆಕ್ಕ ಹಾಕಿದೆವು: ದಿನಕ್ಕೆ ಆರು, ತಿಂಗಳಿಗೆ 180. ಗಲ್ಲಾದಲ್ಲಿ ಕಾಸುಕಾಸಿಗೆ ಲೆಕ್ಕ ಬರೆಯುತ್ತಿದ್ದ ನಮಗೆ ತೊಟ್ಟಿಯ ಜಮಾಖರ್ಚು ಮಾತ್ರ ತೋರಿರಲಿಲ್ಲ. ಜಮೆಯ ಕಡೆ ತಿಂಗಳಿಗೆ 180 ಇಡ್ಲಿಯೂ ಕುಂಡದ ಗೊಬ್ಬರವೂ ಇದ್ದರೆ, ಖರ್ಚಿನ ಕಡೆ ಶೂನ್ಯವಿತ್ತು. ಉಳಿದ ಬಾಕಿಯೆಲ್ಲವೂ ಪಾಚಿಯಾಗಿತ್ತು.

ಪಾಚಿಯೆಂಬುದು ಎಲ್ಲಿಂದಲೋ ಬಂದ ರೋಗವಲ್ಲ. ಅದೂ ಗಿಡದಂತೆ ಬಿಸಿಲನ್ನುಂಡು ಬೆಳೆಯುವ ಜೀವ. ಅದಕ್ಕೆ ಬೇಕಾದುದು ಬೆಳಕು, ಶಾಖ, ಮತ್ತು ಗೊಬ್ಬರದಲ್ಲಿರುವ ಸಾರಜನಕ, ರಂಜಕಗಳು. ಮೀನಿಗೆ ಹಾಕಿದ ಆಹಾರ, ಮೀನಿನ ಮಲ, ಕೊಳೆತ ಎಲೆ, ಬಚ್ಚಲಿನ ಸಾಬೂನು ನೀರು, ಹಟ್ಟಿಯಿಂದ ಹರಿದು ಬಂದ ಗಂಜಲ, ಇವೆಲ್ಲವೂ ಕೊನೆಗೆ ಈ ಎರಡು ವಸ್ತುಗಳಾಗಿಯೇ ನೀರಿನಲ್ಲಿ ಕರಗುತ್ತವೆ. ಇವುಗಳಲ್ಲಿ ರಂಜಕದ ಪ್ರಭಾವವೆಷ್ಟೆಂಬುದನ್ನು ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ 1973ರಲ್ಲಿ ನಡೆದ ಪ್ರಯೋಗವೊಂದು ಜಗತ್ತಿಗೆ ತೋರಿಸಿಕೊಟ್ಟಿತು. ಡೇವಿಡ್ ಷಿಂಡ್ಲರ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ 226 ಎಂಬ ಸಂಖ್ಯೆಯ ಪುಟ್ಟ ಸರೋವರವನ್ನು ನಡುವೆ ಪರದೆ ಕಟ್ಟಿ ಇಬ್ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲವನ್ನೂ ಸಾರಜನಕವನ್ನೂ ಕೊಟ್ಟರು. ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಸೇರಿಸಿದರು. ರಂಜಕ ಸೇರಿದ ಭಾಗ ಪಾಚಿಯಿಂದ ಹಸುರಾಯಿತು. ಪರದೆಯ ಆಚೆಗಿನ ನೀರು ತಿಳಿಯಾಗಿಯೇ ಉಳಿಯಿತು. ನೀರು ಒಂದೇ, ಬಿಸಿಲು ಒಂದೇ. ಬಡಿಸಿದ ಊಟ ಮಾತ್ರ ಬೇರೆ.

ಇಷ್ಟು ತಿಳಿದ ಮೇಲೆ ಮೈಲುತುತ್ತ ಏಕೆ ಸೋಲುತ್ತದೆಂಬುದು ಸ್ಪಷ್ಟವಾಗುತ್ತದೆ. ಅದು ಪಾಚಿಯನ್ನು ಕೊಲ್ಲುವುದು ನಿಜ. ಆದರೆ ಸತ್ತ ಪಾಚಿ ಎಲ್ಲಿಗೂ ಹೋಗುವುದಿಲ್ಲ, ತಳಕ್ಕಿಳಿದು ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಹೀರುತ್ತದೆ, ಕೊಳೆತ ಬಳಿಕ ತನ್ನ ಮೈಯಲ್ಲಿದ್ದ ಗೊಬ್ಬರವನ್ನು ನೀರಿಗೇ ಒಪ್ಪಿಸಿ ಮುಂದಿನ ಪಾಚಿಗೆ ಹಾಸಿಗೆ ಹಾಸುತ್ತದೆ. ತಾಮ್ರವಾದರೋ ಮೀನಿಗೂ ಬಸವನಹುಳುವಿಗೂ ನೇರವಾದ ವಿಷ. ಮೆದು ನೀರಿನಲ್ಲಿ ಅದರ ವಿಷ ಇನ್ನೂ ತೀಕ್ಷ್ಣ. ನಮ್ಮ ಕರಾವಳಿಯ ಮುರಕಲ್ಲಿನ ನೆಲದ ನೀರು ಬಹುಮಟ್ಟಿಗೆ ಮೆದು ನೀರೇ ಆದುದರಿಂದ, ವಾಚಕರ ಮೀನುಗಳಿಗೆ ಒದಗಿದ ಗತಿಯಲ್ಲಿ ಆಶ್ಚರ್ಯವೇನೂ ಇಲ್ಲ. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಬೇಕು. ಅದರ ಸ್ಥಾನ ತೋಟದಲ್ಲಿದೆ, ಕೊಳದಲ್ಲಿ ಇಲ್ಲ.

ನೀರನ್ನೆಲ್ಲ ಬದಲಾಯಿಸುವುದೂ ಅಷ್ಟೇ ವ್ಯರ್ಥ. ಕೊಳದ ಕಲ್ಲು, ಗೋಡೆ, ಗಿಡದ ದಂಟುಗಳ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ನೆಲೆಸಿ, ಮೀನಿನ ಮಲದ ವಿಷಾಂಶವನ್ನು ಗಿಡಗಳಿಗೆ ಒಗ್ಗುವ ಆಹಾರವಾಗಿ ಮಾರ್ಪಡಿಸುತ್ತವೆ. ಉಜ್ಜಿ ತೊಳೆಯುವವನು ಸಂಬಳವಿಲ್ಲದೆ ದುಡಿಯುವ ಈ ಕೆಲಸಗಾರರನ್ನೆಲ್ಲ ಒಂದೇ ದಿನದಲ್ಲಿ ಮನೆಗೆ ಕಳುಹಿಸಿದಂತಾಯಿತು. ಹೊಸ ಕೊಳದ ನೀರು ಮೊದಲ ಎರಡು ಮೂರು ತಿಂಗಳು ಹಸುರಾಗುವುದು ಸಹಜ. ಗಿಡಗಳು ಬೇರೂರಿ ತಮ್ಮ ಪಾಲನ್ನು ಕೇಳತೊಡಗುವವರೆಗೆ ಕಾಯಬೇಕು. ಆಗ ಕಾಯದೆ ಬರಿದು ಮಾಡುವವನು ಪ್ರತಿ ಸಲವೂ ಮೊದಲನೆಯ ದಿನಕ್ಕೇ ಹಿಂದಿರುಗುತ್ತಾನೆ.

ಹಾಗಾದರೆ ಮಾಡತಕ್ಕದ್ದೇನು? ಜಮೆಯನ್ನು ತಗ್ಗಿಸಬೇಕು, ಖರ್ಚನ್ನು ಹೆಚ್ಚಿಸಬೇಕು.

ಜಮೆ ತಗ್ಗಿಸುವ ಉಪಾಯಗಳು ಸರಳವಾದವು. ಕೊಳದ ಅಂಚನ್ನು ಅಂಗಳದ ಮಟ್ಟಕ್ಕಿಂತ ನಾಲ್ಕು ಬೆರಳಾದರೂ ಎತ್ತರಿಸಿ, ಮಳೆಗಾಲದಲ್ಲಿ ಹಟ್ಟಿಯ ನೀರೂ ತೋಟದ ಗೊಬ್ಬರದ ನೀರೂ ಒಳಗೆ ಹರಿಯದಂತೆ ತಡೆಯಬೇಕು. ಹಲಸು, ಮಾವಿನ ಮರದ ಅಡಿಯಲ್ಲಿ ಕೊಳವಿದ್ದರೆ ಉದುರಿದ ಎಲೆಗಳನ್ನು ಕೊಳೆಯುವ ಮುನ್ನ ತೆಗೆಯಬೇಕು. ಗಿಡ ನೆಡುವ ಕುಂಡಕ್ಕೆ ಗೊಬ್ಬರ ಕಾಣದ ಜೇಡಿಮಣ್ಣನ್ನೇ ತುಂಬಿ, ಮೇಲೆ ಒಂದು ಅಂಗುಲ ಜಲ್ಲಿ ಹರಡಬೇಕು. ಬತ್ತಿದ ನೀರನ್ನು ತುಂಬಲು ಮಾಡಿನಿಂದ ಇಳಿದ ಮಳೆಯ ನೀರು ಉತ್ತಮ. ನಗರದ ನಲ್ಲಿಯ ನೀರಾದರೆ ಒಂದು ದಿನ ಬಾನೆಯಲ್ಲಿ ತೆರೆದಿಟ್ಟು ಸುರಿಯಬೇಕು. ಮೀನುಗಳಿಗೆ ಅನ್ನ, ಇಡ್ಲಿ, ಬ್ರೆಡ್ಡುಗಳನ್ನು ಹಾಕಲೇಬಾರದು. ಗಿಡಗಳಿರುವ ಕೊಳದಲ್ಲಿ ಹತ್ತು ಹನ್ನೆರಡು ಸಣ್ಣ ಮೀನುಗಳು ಸೊಳ್ಳೆಯ ಮರಿ, ನೀರುಹುಳುಗಳನ್ನು ತಿಂದು ತಾವೇ ಬದುಕುತ್ತವೆ.

ಖರ್ಚಿನ ಕಡೆ ಇರುವುದು ಗಿಡಗಳು. ಇವು ಪಾಚಿ ಉಣ್ಣುವ ಎಲೆಯಿಂದಲೇ ಉಣ್ಣುವವು. ಇವುಗಳ ಹೊಟ್ಟೆ ತುಂಬಿದರೆ ಪಾಚಿ ಉಪವಾಸವಿರಬೇಕಾಗುತ್ತದೆ. ಇವನ್ನು ಮೂರು ಪಂಕ್ತಿಗಳಲ್ಲಿ ಕೂರಿಸಬೇಕು.

ಮೊದಲನೆಯದು ನೀರಿನೊಳಗೇ ಬೆಳೆಯುವ ಪಂಕ್ತಿ. ಹೈಡ್ರಿಲ್ಲಾ, ರಿಬ್ಬನ್ನಿನಂತಹ ಎಲೆಯ ವ್ಯಾಲಿಸ್ನೇರಿಯಾ, ಇವು ನಮ್ಮ ದೇಶದವೇ. ಚದರ ಅಡಿಗೊಂದರಂತೆ ಕಂತೆಗಳನ್ನು ಕಲ್ಲು ಕಟ್ಟಿ ಇಳಿಸಿದರೆ, ಇವು ನೀರಿನಿಂದ ನೇರವಾಗಿ ಗೊಬ್ಬರವನ್ನು ಹೀರುತ್ತವೆ, ಹಗಲು ಆಮ್ಲಜನಕವನ್ನು ಬಿಡುತ್ತವೆ. ಆದರೆ ರಾತ್ರಿ ಗಿಡಗಳೂ ಉಸಿರಾಡುತ್ತವೆಯೆಂಬುದನ್ನು ಮರೆಯಬಾರದು. ಮುಂಜಾವದಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನಲ್ಲಿ ಉಸಿರು ಕಡಿಮೆಯಾಗಿದೆಯೆಂದೇ ಅರ್ಥ. ಆಗ ಗಿಡವನ್ನಾಗಲಿ ಪಾಚಿಯನ್ನಾಗಲಿ ಸ್ವಲ್ಪ ತೆಗೆದು ಹಗುರ ಮಾಡಬೇಕು.

ಎರಡನೆಯದು ಎಲೆಯನ್ನು ನೀರಿನ ಮೇಲೆ ಹಾಸುವ ನೈದಿಲೆಯ ಪಂಕ್ತಿ. ಇದರ ಮುಖ್ಯ ಉಪಕಾರ ನೆರಳು. ಕೊಳದ ಮೇಲ್ಮೈಯ ಅರ್ಧದಷ್ಟನ್ನು ಎಲೆ ಮುಚ್ಚಿದರೆ ಪಾಚಿಗೆ ಬಿಸಿಲು ತಪ್ಪುತ್ತದೆ, ನೀರಿನ ಕಾವೂ ಇಳಿಯುತ್ತದೆ. ನಮ್ಮ ವಾಚಕರ ಕೊಳ 96 ಚದರ ಅಡಿ. ಚೆನ್ನಾಗಿ ಬೆಳೆದ ನೈದಿಲೆಯೊಂದು 4 ಅಡಿ ಅಗಲಕ್ಕೆ, ಅಂದರೆ ಸುಮಾರು 12 ಚದರ ಅಡಿಗೆ ಹರಡೀತು. ನಾಲ್ಕು ಗಡ್ಡೆಗಳು ಧಾರಾಳ ಸಾಕು. ಹೂವಿಗೆ ದಿನಕ್ಕೆ ಐದಾರು ಗಂಟೆಯ ಬಿಸಿಲು ಬೇಕಾಗುವುದರಿಂದ ಕೊಳವು ತೀರ ಕತ್ತಲೆಯ ಮೂಲೆಯಲ್ಲಿರಬಾರದು. ತಾವರೆಯ ಮೇಲೆ ಆಸೆಯಿದ್ದವರು ಅದನ್ನು ದೊಡ್ಡ ಕುಂಡದಲ್ಲೇ ಬಂಧಿಸಿ ನೆಡಬೇಕು. ಬಿಟ್ಟರೆ ಅದು ಇಡೀ ಕೊಳವನ್ನು ತನ್ನದಾಗಿಸಿಕೊಳ್ಳುತ್ತದೆ.

ಮೂರನೆಯದು ದಂಡೆಯ ಪಂಕ್ತಿ. ಇದಕ್ಕಾಗಿ ಯಾವ ಅಂಗಡಿಗೂ ಹೋಗಬೇಕಾಗಿಲ್ಲ. ಬಜೆ, ಒಂದೆಲಗ, ನೀರುಬ್ರಾಹ್ಮಿ, ಕೆಸು, ಇವೆಲ್ಲ ಊರಿನ ತೋಡಿನ ಬದಿಯಲ್ಲೇ ದೊರೆಯುತ್ತವೆ. ಎಲೆ ಕೊಯ್ದು ಹೊರಗೊಯ್ದಾಗಲೇ ಕೊಳದ ಗೊಬ್ಬರ ಹೊರಗೆ ಹೋಯಿತೆಂದು ಲೆಕ್ಕ. ಆಟಿ ತಿಂಗಳಲ್ಲಿ ಕೊಳದಂಚಿನ ಕೆಸುವಿನೆಲೆಯಿಂದ ಪತ್ರೊಡೆ ಮಾಡಿದ ಗೃಹಿಣಿ ತನಗರಿಯದೆಯೇ ಪಾಚಿಯ ಅನ್ನವನ್ನು ಕಸಿದುಕೊಂಡಿರುತ್ತಾಳೆ. ಆದರೆ ಮೈಲುತುತ್ತ ಬಿದ್ದ ಕೊಳದ ಅಥವಾ ಬಚ್ಚಲ ನೀರು ಸೇರುವ ಕೊಳದ ಸೊಪ್ಪನ್ನು ಅಡಿಗೆಗೆ ಬಳಸಕೂಡದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬೇಗ ಹರಡುತ್ತದೆ, ಹೂವೂ ಚೆನ್ನಾಗಿದೆ ಎಂದು ಜಲಕುಂಭಿಯನ್ನು ಕೊಳಕ್ಕೆ ತರಬಾರದು. ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕಾಗಿ ಬಂದ ಈ ಗಿಡ ಬಂಗಾಲದ ಜಲಮಾರ್ಗಗಳನ್ನೂ ಗದ್ದೆಗಳನ್ನೂ ಹೇಗೆ ಆವರಿಸಿತೆಂದರೆ, 1936ರಲ್ಲಿ ಅದರ ವಿರುದ್ಧವೇ ಅಲ್ಲಿ ಒಂದು ಕಾಯಿದೆಯನ್ನು ಮಾಡಬೇಕಾಯಿತು. ಕೊಳಚೆ ನೀರುಂಡು ಅದು ಹೇಗೆ ಕೊಬ್ಬುತ್ತದೆಂಬುದನ್ನು ಮುಂಬಯಿಯ ವಾಚಕರು ಪೊವಾಯಿ ಸರೋವರದಲ್ಲಿ ಕಣ್ಣಾರೆ ಕಂಡಿದ್ದಾರೆ. ಬ್ರೆಜಿಲ್ ಮೂಲದ ಸಾಲ್ವೀನಿಯಾ ಎಂಬ ತೇಲುಗಿಡದ ಕಥೆಯೂ ಇದೇ. ಬೆಂಗಳೂರಿನ ನೈದಿಲೆಕೊಳವೊಂದನ್ನು ಅದು ಮುಚ್ಚಿದ್ದಾಗ, 1980ರ ದಶಕದ ಮೊದಲ ವರ್ಷಗಳಲ್ಲಿ ವಿಜ್ಞಾನಿಗಳು ಆಸ್ಟ್ರೇಲಿಯಾದಿಂದ ಅದನ್ನೇ ತಿನ್ನುವ ಪುಟ್ಟ ಮೂತಿಹುಳುವನ್ನು ತರಿಸಿ ಬಿಟ್ಟರು. ಹನ್ನೊಂದು ತಿಂಗಳೊಳಗೆ ಸಾಲ್ವೀನಿಯಾ ನಾಶವಾಗಿ, ಅಡಗಿದ್ದ ನೈದಿಲೆ ಮತ್ತೆ ತಲೆಯೆತ್ತಿತು. ಅಪಾತ್ರನನ್ನು ಒಳಗೆ ಕರೆದು ಆಮೇಲೆ ಹೊರದೂಡುವ ಶ್ರಮಕ್ಕಿಂತ ಬಾಗಿಲಲ್ಲೇ ತಡೆಯುವುದು ಲೇಸು.

ಸೊಳ್ಳೆಗಳ ಭಯವೂ ಸಕಾರಣವಾದುದೇ. ಆದರೆ ಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿಗಳಿರುವ ಜೀವಂತ ಕೊಳಕ್ಕಿಂತ, ಮಾಡಿನ ಮೇಲೆ ಬಿದ್ದಿರುವ ಹಳೆಯ ಟಯರೂ ಒಡೆದ ಕುಂಡವೂ ಹೆಚ್ಚು ಅಪಾಯಕಾರಿ. ನಮ್ಮ ಕರಾವಳಿಯ ತೋಡುಗಳಲ್ಲಿ ನೆತ್ತಿಯ ಮೇಲೆ ಬೆಳ್ಳಿಚುಕ್ಕೆ ಹೊತ್ತು ನೀರಿನ ಮೇಲ್ಪದರದಲ್ಲೇ ಈಜುವ ಪುಟ್ಟ ಮೀನೊಂದಿದೆ. ಸೊಳ್ಳೆಯ ಮರಿಯೇ ಅದರ ಪ್ರೀತಿಯ ಆಹಾರ. ಅದು ದೊರೆಯುವಾಗ ಹೊರನಾಡಿನ ಮೀನಿಗೆ ಹಣ ಕೊಡುವುದೇಕೆ? ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮಾತ್ರ ಕೊಳದ ಸುತ್ತ ಬೇಲಿ ಇರಲೇಬೇಕು.

ಇನ್ನು ಇರುವ ಪಾಚಿಯ ಮಾತು. ನೂಲಿನಂತೆ ಹೆಣೆದುಕೊಂಡ ಪಾಚಿಯನ್ನು ಒರಟು ಕೋಲಿಗೆ ಸುತ್ತಿ ಎತ್ತಬಹುದು. ಎತ್ತಿದ್ದನ್ನು ಒಂದು ರಾತ್ರಿ ದಂಡೆಯಲ್ಲೇ ಇಟ್ಟರೆ ಅದರಲ್ಲಿ ಸಿಲುಕಿದ ಸಣ್ಣ ಜೀವಿಗಳು ನೀರಿಗೆ ಮರಳುತ್ತವೆ. ಬೆಳಗ್ಗೆ ಅದನ್ನು ತೆಂಗಿನ ಬುಡಕ್ಕೆ ಹಾಕಿದರೆ ಒಳ್ಳೆಯ ಗೊಬ್ಬರ. ಕಲ್ಲಿನ ಮೇಲಿನ ತೆಳ್ಳನೆಯ ಪಾಚಿಯನ್ನು ತೆಗೆಯಬೇಡಿ. ಅದು ಬಸವನಹುಳುವಿನ, ಗೊದಮೊಟ್ಟೆಯ ಊಟ. ಆದರೆ ನೀರಿನ ಮೇಲೆ ಬಣ್ಣ ಚೆಲ್ಲಿದಂತೆ ನೀಲಿ ಹಸುರು ಕೆನೆ ಕಟ್ಟಿ ದುರ್ವಾಸನೆ ಬಂದರೆ ಅದು ವಿಷದ ಜಾತಿಯದಾಗಿರಬಹುದು. ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ದನ, ನಾಯಿಗಳನ್ನು ಆ ನೀರಿನ ಹತ್ತಿರ ಬಿಡಬಾರದು.

ಪತ್ರ ಬರೆದ ವಾಚಕರ ಕೊಳದಲ್ಲಿ ಮೈಲುತುತ್ತ ಬಿದ್ದಿರುವುದರಿಂದ ಅವರಿಗೊಂದು ವಿನಾಯಿತಿ ಅಗತ್ಯ. ವಾರಕ್ಕೊಮ್ಮೆ ಮೂರರಲ್ಲೊಂದು ಪಾಲು ನೀರನ್ನು ತೆಗೆದು ಹೊಸ ನೀರು ತುಂಬಲಿ. ಮೂರು ನಾಲ್ಕು ಸಲ ಹೀಗೆ ಮಾಡಿ, ತಳದ ಕೆಸರನ್ನೂ ಎತ್ತಿಸಲಿ. ತೆಗೆದುದನ್ನು ಬಾವಿಯ ಬಳಿಯಾಗಲಿ ತೋಡಿಗಾಗಲಿ ಹಾಕಕೂಡದು. ಅನಂತರ ಗಿಡಗಳನ್ನು ನೆಟ್ಟು, ಮೊದಲು ನಾಲ್ಕು ಬಸವನಹುಳುಗಳನ್ನು ಬಿಟ್ಟು ನೋಡಲಿ. ಅವು ಬದುಕಿದರೆ ಮೀನುಗಳ ಸರದಿ.

ಒಂದು ಹಿತ್ತಿಲ ಕೊಳದ ಬಗ್ಗೆ ಪತ್ರಿಕೆಯಲ್ಲಿ ಇಷ್ಟೊಂದು ಬರೆಯಬೇಕೆ ಎಂದು ಕೆಲವರು ಕೇಳಬಹುದು. ಈ ಲೆಕ್ಕ ಹಿತ್ತಿಲಿಗೇ ಮುಗಿಯುವುದಿಲ್ಲ. ವಾಲ್ಕೇಶ್ವರದ ಬಾಣಗಂಗಾ ತೀರ್ಥದಲ್ಲಿ ಪಿತೃಪಕ್ಷದ ಬಳಿಕ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ ವರದಿಗಳು ಹಲವು ವರ್ಷಗಳಲ್ಲಿ ಬಂದಿವೆ. ಭಕ್ತಿಯಿಂದ ನೀರಿಗೆ ಬಿಟ್ಟ ಅನ್ನವೇ ಅಲ್ಲಿ ಕೊಳೆತು ನೀರಿನ ಉಸಿರನ್ನು ಕುಡಿಯುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆ 2015ರಲ್ಲಿ ನೊರೆಯುಕ್ಕಿಸಿ, 2017ರ ಫೆಬ್ರವರಿಯಲ್ಲಿ ಹೊತ್ತಿ ಉರಿದುದು ನಗರದ ಮೋರಿಗಳೆಲ್ಲ ಅದಕ್ಕೆ ಉಣಿಸಿದ್ದರ ಫಲ. ಹಿತ್ತಿಲಿನ 96 ಚದರ ಅಡಿಯ ಲೆಕ್ಕವನ್ನು ಅರಿತವನಿಗೆ ಊರ ಕೆರೆಯ ಲೆಕ್ಕವೂ ಅರ್ಥವಾದೀತು.

ಇನ್ನೊಂದು ಮಾತನ್ನು ಹೊರನಾಡಿನಲ್ಲಿರುವ ನಾವು ನಮಗೇ ಹೇಳಿಕೊಳ್ಳಬೇಕಾಗಿದೆ. ಊರಿಗೆ ಹಣ ಕಳುಹಿಸುವುದನ್ನು ನಾವು ಚೆನ್ನಾಗಿ ಬಲ್ಲೆವು. ಹಣದಿಂದ ಕೊಳ ತೋಡಿಸಬಹುದು, ಕಲ್ಲು ಕಟ್ಟಿಸಬಹುದು; ನೀರನ್ನು ತಿಳಿಯಾಗಿಡಲು ಬೇಕಾದುದು ವಾರಕ್ಕೆ ಕಾಲು ಗಂಟೆಯ ಗಮನ. ಅದನ್ನು ಕಳುಹಿಸುವ ದಾರಿ ಯಾವುದು? ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಿಜ. ನಮ್ಮ ಕೈ ಇಲ್ಲಿ ಮುಸುರೆಯಲ್ಲಿಯೋ ಕಡತದಲ್ಲಿಯೋ ಸಿಲುಕಿದೆ. ಕೆಸರಾಗಬೇಕಾದ ಕೈ ಊರಿನಲ್ಲಿದೆ. ಆ ಕೈಗೆ ಏನು ಮಾಡಬೇಕೆಂದು ತಿಳಿಸದೆ ಹಣವನ್ನು ಮಾತ್ರ ಕಳುಹಿಸಿದರೆ, ಅದು ಹತ್ತಿರ ಸಿಕ್ಕಿದ ಮೈಲುತುತ್ತದ ಪೊಟ್ಟಣವನ್ನೇ ಎತ್ತಿಕೊಳ್ಳುತ್ತದೆ. ಅಣ್ಣನವರನ್ನು ದೂರಿ ಫಲವಿಲ್ಲ.

ಆದುದರಿಂದ ಪುಣೆಯ ಬಂಧುಗಳಿಗೆ ನಮ್ಮ ಸಲಹೆ ಇಷ್ಟೇ. ಕೊಳವನ್ನು ಮುಚ್ಚಿಸಬೇಡಿ. ಬಿಳಿಯ ಪಿಂಗಾಣಿ ಬಸಿಯೊಂದಕ್ಕೆ ದಾರ ಕಟ್ಟಿ, ವಾರಕ್ಕೊಮ್ಮೆ ಮನೆಯ ಮಗುವೊಂದು ದೊಡ್ಡವರ ಸಮ್ಮುಖದಲ್ಲಿ ಅದನ್ನು ನೀರಿಗಿಳಿಸಲಿ. ಎಷ್ಟು ಗೇಣಿನ ಆಳದವರೆಗೆ ಬಸಿ ಕಾಣುತ್ತದೆಂದು ತಾಯಿಯವರು ನೋಡಿ ಹೇಳಲಿ. ಭಾನುವಾರ ನೀವು ದೂರವಾಣಿಯಲ್ಲಿ ಮಾತನಾಡುವಾಗ ಊಟವಾಯಿತೇ, ಮಳೆ ಬಂತೇ ಎಂದು ಕೇಳಿದ ಮೇಲೆ ಬಸಿಯ ಲೆಕ್ಕವನ್ನೂ ಕೇಳಿ ಬರೆದಿಡಿ. ಈ ತಿಂಗಳು ಅರ್ಧ ಗೇಣು ಇದ್ದುದು ನೈದಿಲೆ ಹರಡಿದಂತೆ ಒಂದಾಗುತ್ತದೆ, ಎರಡಾಗುತ್ತದೆ. ಮುಂದಿನ ಬೇಸಿಗೆಯಲ್ಲಿ ನೀವು ಊರಿಗೆ ಹೋದಾಗ ತಳದ ಜಲ್ಲಿಯೇ ಕಂಡರೆ ನಮಗೊಂದು ಪತ್ರ ಬರೆಯಿರಿ. ಅದನ್ನು ಇದೇ ಅಂಕಣದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.